ಬೆಳದಿಂಗಳನ್ನು ನಂಬಿ ಗದ್ದೆಗಿಳಿಯಬೇಡಿ
ಹುಣ್ಣಿಮೆಯ ರಾತ್ರಿ ಹಾವು ಕಣ್ಣಿಗೆ ಬೀಳುವುದು ಕಡಿಮೆ ಎಂಬುದು ಹಾವು ಹುಡುಕುವವರ ನಡುವಿನ ಹಳೆಯ ಮಾತು; ಮದ್ದೂರಿನ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೊರಟವರು ಮಾತ್ರ ಅದನ್ನು ನೆಚ್ಚಿಕೊಳ್ಳಬಾರದು. ಬೆಳಕಿನಲ್ಲಿ ಗೂಬೆಯ ಕಣ್ಣಿಗೆ ಹಾವು ಬೇಗ ಬೀಳುತ್ತದೆ, ಇಲಿಯೂ ಬಯಲಿಗೆ ಬರಲು ಅಂಜುತ್ತದೆ ಎಂಬುದು ಈ ಮಾತಿನ ಹಿಂದಿನ ತರ್ಕ. ಆದರೆ ಅಮೆರಿಕದ ಫ್ಲಾರಿಡಾದ ಸೀಹಾರ್ಸ್ ಕೀ ದ್ವೀಪದಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವುಗಳು ಬೆಳದಿಂಗಳಲ್ಲೇ ಹೆಚ್ಚು ಓಡಾಡಿದ್ದನ್ನು ಸಂಶೋಧಕರು ಕಂಡಿದ್ದಾರೆ. ಚಂದ್ರನಿಗಿಂತ ಹವೆಯ ಲೆಕ್ಕವೇ ಗಟ್ಟಿ. ಹಾವಿನ ಮೈಬಿಸಿ ಸುತ್ತಲಿನ ಬಿಸಿಯನ್ನೇ ನೆಚ್ಚಿದೆ; ಹಾಗಾಗಿ ಡಿಸೆಂಬರ್, ಜನವರಿಯ ಚಳಿರಾತ್ರಿಯಲ್ಲಿ ಅದರ ಓಡಾಟ ತಗ್ಗುತ್ತದೆ, ಕೊಳಕುಮಂಡಲ ಹಗಲಿನ ಬಿಸಿಲಿಗೆ ಮೈಯೊಡ್ಡುತ್ತದೆ. ಬೇಸಿಗೆಯ ಧಗೆಯ ಮೇಲೆ ಮಳೆ ಹನಿದು, ನೆಲ ಇನ್ನೂ ಬೆಚ್ಚಗಿದ್ದು, ಕಪ್ಪೆ ವಟಗುಟ್ಟುವ ಇರುಳೇ ನಿಜಕ್ಕೂ ಎಚ್ಚರ ಬೇಕಾದದ್ದು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮಳವಳ್ಳಿಯ ಭತ್ತದ ಬದುಗಳಲ್ಲಿ ತೇವವೂ ಇದೆ, ಇಲಿಯೂ ಇದೆ. ಕಟ್ಟುಹಾವಂತೂ ಅಪ್ಪಟ ಇರುಳ ಜೀವಿ. ನೆಲದ ಮೇಲೆ ಮಲಗಿದವರನ್ನು ಕಡಿದರೆ ಎಷ್ಟೋ ಸಲ ನೋವೂ ಆಗುವುದಿಲ್ಲ, ಬಾವೂ ಬರುವುದಿಲ್ಲ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಕೆಲಸ. ಪಂಪ್‌ಸೆಟ್‌ಗೆ ಹಗಲಲ್ಲೇ ತ್ರೀ ಫೇಸ್ ಕರೆಂಟು ಕೊಟ್ಟರೆ ರೈತ ಕತ್ತಲಲ್ಲಿ ಬದು ತುಳಿಯುವುದೇ ತಪ್ಪುತ್ತದೆ. ಅಲ್ಲಿಯವರೆಗೆ ತಿಂಗಳ ಬೆಳಕಿದ್ದರೂ ಕೈಯಲ್ಲಿ ಟಾರ್ಚು, ಕಾಲಿಗೆ ಗಂಬೂಟು ಇರಲಿ. ಕಡಿತವಾದರೆ ನಾಟಿ ಮದ್ದಿಗೆ ಹೊತ್ತು ಕಳೆಯದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.