ಮೋಟರ್ ಹಾಕೋಕೆ ಮನುಷ್ಯನೇ ಹೋಗಬೇಕಾ?

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹಾರಿದ ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ. ಮೀಟಿಂಗ್ ರೂಮಿನ ದೊಡ್ಡ ಟಿವಿಯಲ್ಲಿ ಲೈವ್ ಹಾಕಿಕೊಂಡು, ಊಟಕ್ಕೂ ಹೋಗದೆ ಕೂತಿದ್ದೆವು. ರಾಕೆಟ್ ಮೇಲೇರಿದಾಗ ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. 1984ರಲ್ಲಿ ರಾಕೇಶ್ ಶರ್ಮಾ ಹೋಗಿಬಂದ ಮೇಲೆ ನಲವತ್ತೊಂದು ವರ್ಷಕ್ಕೆ ಇನ್ನೊಬ್ಬ ಭಾರತೀಯ ಹೋಗುತ್ತಿದ್ದಾನೆ ಅಂದರೆ ಯಾರಿಗೆ ಖುಷಿಯಾಗಲ್ಲ ಹೇಳಿ?

ಚಪ್ಪಾಳೆ ಮುಗಿದ ಮೇಲೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಈ ಟಿಕೆಟ್ ದುಡ್ಡಿಗೆ ಹತ್ತಿರಹತ್ತಿರ ಇನ್ನೊಂದು ಚಂದ್ರಯಾನ ಆಗ್ತಿತ್ತಲ್ವಾ?" ಅಂದೆ. ಆ ಒಂದು ಪ್ರಯಾಣಕ್ಕೆ ಸುಮಾರು 550 ಕೋಟಿ ಖರ್ಚು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಚಂದ್ರಯಾನ-3ರ ಖರ್ಚು 615 ಕೋಟಿ. ಪಕ್ಕದ ಟೀಮಿನ ಗೆಳೆಯ ತಿರುಗಿ ನೋಡಿ, "ಬಂದ ನೋಡು ಲೆಕ್ಕದ ಮೇಷ್ಟ್ರು. ದೇಶಕ್ಕೊಂದು ಹೆಮ್ಮೆ ಅನ್ನೋದು ಬೇಡ್ವೇನೋ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮಾತ್ರ ಇವತ್ತಿಗೂ ತಲೆಯಿಂದ ಹೋಗಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. "ಹೊಟ್ಟೆಗಿಲ್ಲದ ದೇಶಕ್ಕೆ ರಾಕೆಟ್ ಯಾಕೆ" ಅನ್ನುವವರ ಗುಂಪಿನವನು ನಾನಲ್ಲ. ಚಂಡಮಾರುತ ಬರುವ ಮುಂಚೆ ಕರಾವಳಿಯ ಲಕ್ಷಾಂತರ ಜನರನ್ನು ಬೇರೆ ಕಡೆ ಕಳಿಸೋಕೆ ಆಗುತ್ತಿರುವುದು ಉಪಗ್ರಹಗಳಿಂದ. ನನ್ನ ಜಗಳ ಅನ್ನಕ್ಕೂ ರಾಕೆಟ್ಟಿಗೂ ಅಲ್ಲ. ರಾಕೆಟ್ ಹೋಗಲಿ, ಇನ್ನೂ ಹತ್ತು ಹೋಗಲಿ. ಅದರ ತುದಿಯಲ್ಲಿ ಯಾರನ್ನು ಕೂರಿಸಬೇಕು ಅನ್ನುವುದಷ್ಟೇ ನನ್ನ ತಕರಾರು.

ಈ ತಕರಾರು ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ನಮ್ಮೂರಿನ ತೋಟದಲ್ಲಿ. ನಮ್ಮದು ಹೊಸದುರ್ಗದ ಕಡೆಯ ಹಳ್ಳಿ. ತೆಂಗು, ಒಂದಿಷ್ಟು ಅಡಿಕೆ, ಎರಡು ಬೋರು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಅನ್ನುವುದು ಆ ದೇವರಿಗೇ ಗೊತ್ತು. ಹೆಚ್ಚಾಗಿ ಬರುತ್ತಿದ್ದದ್ದು ರಾತ್ರಿ ಒಂದು, ಎರಡು ಗಂಟೆಗೆ. ಮನೆಯ ಗಂಡಸರು ಬ್ಯಾಟರಿ ಹಿಡಿದುಕೊಂಡು ಕತ್ತಲಲ್ಲಿ ತೋಟಕ್ಕೆ ಹೋಗಿ ಮೋಟರ್ ಹಾಕಿ ಬರಬೇಕಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಾಗೆ ಹೋದ ನಮ್ಮ ಚಿಕ್ಕಪ್ಪ ವಾಪಸ್ ಬರಲಿಲ್ಲ. ಪಂಪ್‌ಸೆಟ್ ಮನೆಯ ಬಾಗಿಲಲ್ಲೇ ಹಾವು ಕಚ್ಚಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮೂವತ್ನಾಲ್ಕು ವರ್ಷದ ಮನುಷ್ಯ. ಒಂದು ಹಸಿರು ಗುಂಡಿ ಒತ್ತೋಕೆ ಹೋಗಿದ್ದರು, ಅಷ್ಟೇ.

ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ದೀಪಾವಳಿಗೆ ಊರಿಗೆ ತಂದಿದ್ದು ಬಟ್ಟೆಯಲ್ಲ, ಮೊಬೈಲ್ ಸ್ಟಾರ್ಟರ್. ಸಿಮ್ ಹಾಕಿದ ಒಂದು ಪೆಟ್ಟಿಗೆ. ಮನೆಯಿಂದ ಫೋನ್ ಮಾಡಿದರೆ ಮೋಟರ್ ಆನ್, ಇನ್ನೊಮ್ಮೆ ಮಾಡಿದರೆ ಆಫ್. ಅಪ್ಪ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಮೊದ್ಲೇ ಇದ್ದಿದ್ರೆ" ಅಂದು ಸುಮ್ಮನಾದರು.

ಹಾಗಾಗಿ ಯಂತ್ರ ಮಾಡಬಹುದಾದ ಕೆಲಸಕ್ಕೆ ಮನುಷ್ಯನನ್ನು ಕಳಿಸುವುದನ್ನು ಯಾರಾದರೂ 'ಸಾಹಸ' ಅಂದರೆ ನನಗೆ ಥಟ್ಟನೆ ಒಪ್ಪೋಕೆ ಆಗಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಗನಯಾನಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 9,023 ಕೋಟಿ. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಅದಕ್ಕೆ 11,170 ಕೋಟಿ ಸೇರಿಸಿ ಒಟ್ಟು 20,193 ಕೋಟಿ ಮಾಡಿತು. ಅವತ್ತೇ, ಅದೇ ಸಭೆಯಲ್ಲಿ, ಚಂದ್ರನಿಂದ ಮಣ್ಣು ತರುವ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಗ್ರಹಕ್ಕೆ ಹೋಗುವ ನೌಕೆಗೆ 1,236 ಕೋಟಿ ಮಂಜೂರಾಯಿತು. ಚಂದ್ರ ಮತ್ತು ಶುಕ್ರ ಎರಡೂ ಸೇರಿ 3,340 ಕೋಟಿ. ಗಗನಯಾನಕ್ಕೆ ಹೊಸದಾಗಿ ಸೇರಿಸಿದ ಮೊತ್ತವೇ ಅದರ ಮೂರು ಪಟ್ಟಿಗಿಂತ ಹೆಚ್ಚು. ನ್ಯಾಯವಾಗಿ ಹೇಳಬೇಕು ಅಂದರೆ ಆ 20,193 ಕೋಟಿಯಲ್ಲಿ ಒಟ್ಟು ಎಂಟು ಹಾರಾಟಗಳಿವೆ, ನಮ್ಮದೇ ಬಾಹ್ಯಾಕಾಶ ನಿಲ್ದಾಣದ ಮೊದಲ ತುಂಡೂ ಇದೆ. ಒಪ್ಪಿದೆ. ಆದರೂ ಚಂದ್ರಯಾನ-3ರ ಲೆಕ್ಕದಲ್ಲಿ ಅದು ಮೂವತ್ತೆರಡು ಚಂದ್ರಯಾನ. 450 ಕೋಟಿಯ ಮಂಗಳಯಾನದ ಲೆಕ್ಕದಲ್ಲಿ ನಲವತ್ತನಾಲ್ಕು.

ಇಷ್ಟು ಕೊಟ್ಟು ಎಲ್ಲಿಗೆ ಹೋಗುತ್ತೇವೆ? ಗಗನಯಾನದ ಗುರಿ ಮೂವರನ್ನು ಮೂರು ದಿನ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತಿಸಿ ವಾಪಸ್ ಕರೆತರುವುದು. 400 ಕಿಲೋಮೀಟರ್ ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಅಲ್ಲಿಗೆ ಜನ 1961ರಿಂದಲೂ ಹೋಗಿಬರುತ್ತಿದ್ದಾರೆ. 26 ಕಿಲೋ ತೂಕದ ನಮ್ಮ ಪ್ರಜ್ಞಾನ್ ರೋವರ್ ಓಡಾಡಿದ್ದು 3.84 ಲಕ್ಷ ಕಿಲೋಮೀಟರ್ ಆಚೆ, ಅದುವರೆಗೆ ಯಾರೂ ಇಳಿಯದ ದಕ್ಷಿಣ ಧ್ರುವದ ಹತ್ತಿರದ ನೆಲದಲ್ಲಿ. ಅಲ್ಲಿನ ಮಣ್ಣಿನಲ್ಲಿ ಗಂಧಕ ಇದೆ ಅಂತ ನಿಂತಲ್ಲೇ ಪರೀಕ್ಷೆ ಮಾಡಿ ಹೇಳಿತು. ತನ್ನ ಕೆಲಸ ಮುಗಿಸಿ ಮಲಗಿತು, ಮತ್ತೆ ಏಳಲಿಲ್ಲ. ಅದಕ್ಕೆ ಯಾರ ಮನೆಯಲ್ಲೂ ಸೂತಕ ಆಗಲಿಲ್ಲ.

ಖರ್ಚಿನ ಗುಟ್ಟೇ ಇದು. ಯಂತ್ರಕ್ಕೆ ಹೋಗುವ ಟಿಕೆಟ್ ಮಾತ್ರ ಸಾಕು. ಮನುಷ್ಯನಿಗೆ ಬರುವ ಟಿಕೆಟ್ಟೂ ಬೇಕು. ಉಸಿರಾಡೋಕೆ ಗಾಳಿ, ಕುಡಿಯೋಕೆ ನೀರು, ಕಕ್ಕಸಿನ ವ್ಯವಸ್ಥೆ, ರಾಕೆಟ್ ಕೆಟ್ಟರೆ ಕಿತ್ತುಕೊಂಡು ಓಡುವ ವ್ಯವಸ್ಥೆ, ವಾತಾವರಣಕ್ಕೆ ಮರಳುವಾಗ ಬೆಂದುಹೋಗದಂತೆ ಕವಚ, ಸಮುದ್ರಕ್ಕೆ ಬಿದ್ದ ಮೇಲೆ ಎತ್ತಿಕೊಳ್ಳೋಕೆ ಹಡಗು. ಇವೆಲ್ಲ ಇರಲೇಬೇಕು, ಇರದಿದ್ದರೆ ಅದು ಪಾಪ. ಆದರೆ ಇದರಲ್ಲಿ ಒಂದಾದರೂ ಹೊಸ ಲೋಕದ ಬಗ್ಗೆ ಹೊಸ ವಿಷಯ ಹೇಳುತ್ತದಾ? ಎಲ್ಲವೂ ಇರುವುದು ಹೋದವನನ್ನು ಬದುಕಿಸಿ ತರೋಕೆ. ತಮಾಷೆ ಅಂದರೆ ಮನುಷ್ಯರು ಹೋಗಬಹುದಾ ಅಂತ ಪರೀಕ್ಷೆ ಮಾಡೋಕೆ ಇಸ್ರೋ ಮೊದಲು ಕಳಿಸುವುದು 'ವ್ಯೋಮಮಿತ್ರ' ಅನ್ನುವ ರೋಬೋವನ್ನು!

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ, ಸೋಲುವ ಸ್ವಾತಂತ್ರ್ಯ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ದೇಶವೇ ಕಣ್ಣೀರು ಹಾಕಿತು. ಆಮೇಲೆ ಏನಾಯಿತು? ಎಂಜಿನಿಯರುಗಳು ಕೂತು ಎಲ್ಲೆಲ್ಲಿ ತಪ್ಪಾಗಬಹುದು ಅಂತ ಪಟ್ಟಿ ಮಾಡಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ಕ್ಕೆ ಇಳಿಸಿಯೇ ಬಿಟ್ಟರು. ನಮ್ಮ ಸಾಫ್ಟ್‌ವೇರ್ ಕೆಲಸವೂ ನಡೆಯುವುದು ಹೀಗೇ. ಬೀಳಬೇಕು, ಲಾಗ್ ನೋಡಬೇಕು, ಸರಿಮಾಡಿ ಮತ್ತೆ ಬಿಡಬೇಕು. ಒಳಗೆ ಮೂವರು ಕೂತಿದ್ದರೆ ಈ ಧೈರ್ಯ ಬರುತ್ತದಾ? 1986ರಲ್ಲಿ ಚಾಲೆಂಜರ್ ಸಿಡಿದು ಏಳು ಜನ ಸತ್ತ ಮೇಲೆ ಅಮೆರಿಕದ ಷಟಲ್‌ಗಳು ಎರಡೂವರೆ ವರ್ಷಕ್ಕೂ ಹೆಚ್ಚು ನೆಲ ಬಿಟ್ಟು ಏಳಲಿಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಚೂರಾದ ಮೇಲೂ ಹತ್ತಿರಹತ್ತಿರ ಎರಡೂವರೆ ವರ್ಷ. ನಮ್ಮ ಗಗನಯಾನ 2022ಕ್ಕೆ ಅಂದಿದ್ದು 2027ಕ್ಕೆ ಬಂದು ನಿಂತಿದೆ. ಅದಕ್ಕೆ ನಾನು ಬೈಯಲ್ಲ. ಜೀವದ ವಿಷಯದಲ್ಲಿ ನಿಧಾನವೇ ಸರಿ. ಆದರೆ ಆ ನಿಧಾನಕ್ಕೂ ಒಂದು ಬೆಲೆಯಿದೆ, ಅದನ್ನು ಲೆಕ್ಕಕ್ಕೆ ಹಿಡೀಬೇಕು.

ಯಂತ್ರ ಎಷ್ಟು ದೂರ ಹೋಗಬಲ್ಲದು ಅನ್ನೋಕೆ ನನಗೆ ತುಂಬಾ ಇಷ್ಟವಾದದ್ದು ವಾಯೇಜರ್-1ರ ಕಥೆ. 1977ರಲ್ಲಿ ಬಿಟ್ಟ ನೌಕೆ, ಈಗ ಸೌರಮಾರುತದ ಎಲ್ಲೆಯನ್ನೂ ದಾಟಿ ಹೋಗಿದೆ. 2023ರ ನವೆಂಬರಿನಲ್ಲಿ ಅದು ಇದ್ದಕ್ಕಿದ್ದ ಹಾಗೆ ಅರ್ಥವಿಲ್ಲದ್ದನ್ನು ಕಳಿಸೋಕೆ ಶುರುಮಾಡಿತು. ಒಂದು ಮೆಮೊರಿ ಚಿಪ್ ಸತ್ತಿತ್ತು. 2,400 ಕೋಟಿ ಕಿಲೋಮೀಟರ್ ದೂರ. ಒಂದು ಆದೇಶ ಕಳಿಸಿದರೆ ಮುಟ್ಟೋಕೆ ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರೋಕೆ ಇನ್ನಷ್ಟೇ ಹೊತ್ತು. ಎಂಜಿನಿಯರುಗಳು ಸತ್ತ ಚಿಪ್ಪಿನಲ್ಲಿದ್ದ ಕೋಡನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಗಳಿಗೆ ಸೇರಿಸಿ, 2024ರ ಏಪ್ರಿಲ್‌ನಲ್ಲಿ ಅದು ಮತ್ತೆ ಸರಿಯಾಗಿ ಮಾತಾಡುವಂತೆ ಮಾಡಿದರು. ನಾನು ಪಕ್ಕದ ಬಿಲ್ಡಿಂಗಿನ ಸರ್ವರ್ ಸರಿಮಾಡೋಕೆ ಮೂರು ದಿನ ತಗೊಂಡು ಮ್ಯಾನೇಜರ್ ಹತ್ತಿರ ಬೈಸಿಕೊಂಡವನು. ಆ ಸುದ್ದಿ ಓದಿ ನನಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು. ಅಲ್ಲಿಗೆ ಹೋಗಿದ್ದು ಲೋಹ. ಕೆಲಸ ಮಾಡಿದ್ದು ಮನುಷ್ಯನ ತಲೆಯೇ.

ಎದುರಿನವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಅವರ ಬಲವಾದ ವಾದ ಇದು. 1972ರಲ್ಲಿ ಅಪೊಲೊ-17ರ ಇಬ್ಬರು ಮೂರೇ ದಿನದಲ್ಲಿ ಚಂದ್ರನ ಮೇಲೆ ಸುಮಾರು 35 ಕಿಲೋಮೀಟರ್ ಗಾಡಿ ಓಡಿಸಿದರು. ಮಂಗಳದ ಮೇಲೆ ಆಪರ್ಚುನಿಟಿ ರೋವರ್ 45 ಕಿಲೋಮೀಟರ್ ಹೋಗೋಕೆ ಹದಿನಾಲ್ಕು ವರ್ಷ ತಗೊಂಡಿತು. ಆರು ಅಪೊಲೊ ಇಳಿತಗಳಿಂದ ಬಂದ ಕಲ್ಲುಮಣ್ಣು 382 ಕಿಲೋ. ಚೀನಾದ ಚಾಂಗ್-ಇ-6 ಯಂತ್ರ 2024ರಲ್ಲಿ ತಂದಿದ್ದು ಎರಡು ಕಿಲೋಗಿಂತ ಕಡಿಮೆ. 1993ರಲ್ಲಿ ಹಬಲ್ ದೂರದರ್ಶಕದ ಮಬ್ಬುಗಣ್ಣು ಸರಿಮಾಡಿದ್ದು ಗಗನಯಾತ್ರಿಗಳ ಕೈಗಳೇ. ಮಂಗಳದಲ್ಲಿ ಇನ್‌ಸೈಟ್ ನೌಕೆಯ ನೆಲ ಕೊರೆಯುವ ಸಲಕರಣೆ ಒಳಗೆ ಇಳಿಯದೆ ಎರಡು ವರ್ಷ ಒದ್ದಾಡಿ ಸೋತಿತು. ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಿದ್ದರೆ ಗುದ್ದಲಿ ತಗೊಂಡು ಬೇರೆ ಜಾಗ ನೋಡುತ್ತಿದ್ದ.

ಇದನ್ನು ನಾನು ಬಲ್ಲೆ. ನಮ್ಮ ಮೊಬೈಲ್ ಸ್ಟಾರ್ಟರೂ ಮೋಟರ್ ಓಡುತ್ತಿದೆ ಅಂತ ಮಾತ್ರ ಹೇಳುತ್ತದೆ. ಅಳಿಲು ಡ್ರಿಪ್ ಪೈಪ್ ಕಡಿದಿದೆಯಾ, ಗೇಟ್ ವಾಲ್ವ್ ಕಿತ್ತುಹೋಗಿ ನೀರೆಲ್ಲ ಪಕ್ಕದವರ ಹೊಲಕ್ಕೆ ಹರಿಯುತ್ತಿದೆಯಾ ಅಂತ ಹೇಳಲ್ಲ. ಅದಕ್ಕೆ ಅಪ್ಪನ ಕಣ್ಣೇ ಬೇಕು. ಆದರೆ ಅಪ್ಪ ಹೋಗುವುದು ಬೆಳಗಾದ ಮೇಲೆ. ರಾತ್ರಿ ಎರಡು ಗಂಟೆಗಲ್ಲ.

ಅಪೊಲೊ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕಲ್ಲ? ಅದಕ್ಕೆ ಅಂದಿನ ಲೆಕ್ಕದಲ್ಲೇ 2,500 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ರಷ್ಯಾದ ಜೊತೆಗಿನ ಪಂದ್ಯ ಗೆದ್ದಾದ ಮೇಲೆ ಮುಂದಿನ ಮೂರು ಯಾತ್ರೆಗಳನ್ನು ರದ್ದು ಮಾಡಿದರು. 1972ರ ಡಿಸೆಂಬರ್ ಆದ ಮೇಲೆ ಚಂದ್ರನ ನೆಲಕ್ಕೆ ಒಬ್ಬನೂ ಕಾಲಿಟ್ಟಿಲ್ಲ. ಪಂದ್ಯಕ್ಕೆ ಅಂತ ಕಟ್ಟಿದ್ದು ಪಂದ್ಯ ಮುಗಿದ ದಿನ ನಿಲ್ಲುತ್ತದೆ. ತಿಳಿಯೋಕೆ ಅಂತ ಕಟ್ಟಿದ್ದು ಹಾಗೆ ನಿಲ್ಲಲ್ಲ. 2008ರ ಚಂದ್ರಯಾನ-1 ಚಂದ್ರನಲ್ಲಿ ನೀರಿನ ಅಂಶ ಇದೆ ಅಂತ ತೋರಿಸಿದ್ದಕ್ಕೇ ಇವತ್ತು ಎಲ್ಲ ದೇಶಗಳೂ ಆ ದಕ್ಷಿಣ ಧ್ರುವದ ಕಡೆ ಮುಖ ಮಾಡಿರುವುದು.

ಇನ್ನು, ಮನುಷ್ಯ ಹೋದರೇನೇ ಮಕ್ಕಳಿಗೆ ಸ್ಫೂರ್ತಿ ಅನ್ನುತ್ತಾರೆ. ವಿಕ್ರಮ್ ಇಳಿದ ಆ ಸಂಜೆ ನಾನು ಊರಲ್ಲಿದ್ದೆ. ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನ. ಪರದೆಯಲ್ಲಿ ಇದ್ದಿದ್ದು ಎರಡು ಗೆರೆ, ಒಂದಿಷ್ಟು ಅಂಕಿ, ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಉಸಿರು ಬಿಗಿಹಿಡಿದು ಕೂತವರ ಮುಖ. ವೇಗ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದಾಗ ಮಕ್ಕಳು ಬೀದಿಗೆ ಓಡಿ ಕುಣಿದರು. "ಒಳಗೆ ಯಾರಿದ್ರು?" ಅಂತ ಒಬ್ಬನೂ ಕೇಳಲಿಲ್ಲ. ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ನನ್ನ ಹತ್ತಿರ ಬಂದು ಕೇಳಿದ್ದು, "ಅಣ್ಣಾ, ಅದಕ್ಕೆ ನೆಲ ಎಲ್ಲಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಇದಕ್ಕಿಂತ ಒಳ್ಳೆ ಸ್ಫೂರ್ತಿ ಬೇಕಾ?

ಹಾಗಂತ ಗಗನಯಾನ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ಜನ ಇಷ್ಟು ವರ್ಷ ದುಡಿದ ಮೇಲೆ ಅದು ಹಾರಲಿ, ಹೋದವರು ನಗುನಗುತ್ತಾ ಇಳಿಯಲಿ. ಅವತ್ತೂ ಚಪ್ಪಾಳೆ ತಟ್ಟುತ್ತೇನೆ. ನಾನು ಕೇಳುವುದು ಎರಡೇ. ಒಂದು, ಅದನ್ನು ವಿಜ್ಞಾನ ಅಂತ ಕರೆಯಬೇಡಿ. ದೇಶದ ಪ್ರತಿಷ್ಠೆ ಅನ್ನಿ, ಕಲಿಕೆ ಅನ್ನಿ. ಪ್ರತಿಷ್ಠೆಗೂ ದುಡ್ಡು ಖರ್ಚು ಮಾಡುವ ಹಕ್ಕು ದೇಶಕ್ಕಿದೆ, ಆದರೆ ಪಟ್ಟಿಯಲ್ಲಿ ಸರಿಯಾದ ತಲೆಬರಹದ ಕೆಳಗೆ ಬರೆಯಿರಿ. ಎರಡು, ಮುಂದೆ ದುಡ್ಡು ಸಾಲದೆ ಬಂದಾಗ ಕತ್ತರಿ ಮೊದಲು ಯಂತ್ರಗಳ ಮೇಲೆ ಬೀಳಬಾರದು. ಶುಕ್ರಯಾನಕ್ಕೆ ಗೊತ್ತು ಮಾಡಿರುವುದು 2028ರ ಮಾರ್ಚ್. ಗ್ರಹಗಳು ನಮ್ಮ ಬಜೆಟ್ಟಿಗಾಗಿ ಕಾಯಲ್ಲ. ಆ ಅವಕಾಶ ತಪ್ಪಿದರೆ ಮತ್ತೆ ಒಂದೂವರೆ ವರ್ಷ ಕಾಯಬೇಕು.

ಅಂದಹಾಗೆ, ಮಾನವಯಾನದ ಪೈಪೋಟಿ ನಮಗೆ ಬೇಡ ಅಂದಿದ್ದ ವಿಕ್ರಮ್ ಸಾರಾಭಾಯಿಯವರ ಮಾತನ್ನು ನನ್ನ ಪರವಾಗಿ ಎಳೆದು ತರಬಹುದಿತ್ತು. ತರಲ್ಲ. ಅವರು ಅದೇ ಉಸಿರಿನಲ್ಲಿ ಚಂದ್ರ, ಗ್ರಹಗಳೂ ಬೇಡ ಅಂದಿದ್ದರು. ಕಾಲ ಬದಲಾಗಿದೆ, ನಾವು ಚಂದ್ರನಿಗೆ ಹೋದೆವು, ಒಳ್ಳೆಯದೇ ಆಯಿತು. ಮುಂದೊಂದು ದಿನ ಮನುಷ್ಯನೇ ಹೋಗಬೇಕಾದ ಕೆಲಸವೂ ಬರಬಹುದು. ಬಂದಾಗ ಹೋಗೋಣ.

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಒಂದೂವರೆಗೆ ಕರೆಂಟು ಬಂತು. ಅಪ್ಪ ಮಲಗಿದಲ್ಲಿಂದಲೇ ಫೋನ್ ಒತ್ತಿ ಕಿವಿಗೆ ಹಿಡಿದರು, ಮೋಟರ್ ಆನ್ ಆಗಿದೆ ಅಂತ ಆ ಕಡೆಯ ಹೆಂಗಸಿನ ದನಿ ಹೇಳಿತು. ಮಗ್ಗುಲು ಬದಲಿಸಿ ಮಲಗಿದರು. ಬೆಳಗ್ಗೆ ಕಾಫಿ ಕುಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನೀರು ಎಲ್ಲಿಯವರೆಗೆ ಹೋಗಿದೆ ಅಂತ ನೋಡೋಕೆ ತೋಟಕ್ಕೆ ಹೊರಟರು. ಚಿಕ್ಕಪ್ಪನೂ ಹೋಗಬೇಕಿದ್ದದ್ದು ಆ ಹೊತ್ತಿಗೆ.