‘ಆದಿಮ’ ಶಬ್ದದ ದುರ್ವಿನಿಯೋಗ

ಇಂಗ್ಲಿಷಿನಲ್ಲಿ ‘ಪ್ರಿಮಿಟಿವ್’ ಎಂಬ ಶಬ್ದವೊಂದುಂಟು. ಇದನ್ನು ಕನ್ನಡದಲ್ಲಿ ಕೆಲವರು ‘ಮೂಲ’ವೆಂದೂ ಕೆಲವರು ‘ಆದಿಮ’ವೆಂದೂ ಇನ್ನು ಕೆಲವರು ಸಂಕೋಚವಿಲ್ಲದೆ ‘ಅನಾಗರಿಕ’ವೆಂದೂ ಪರಿವರ್ತಿಸುವರು. ಗಣಿತಜ್ಞರು ಈ ಶಬ್ದವನ್ನು ಬಳಸುತ್ತಾರೆ. ಮತಗಳ ಉತ್ಪತ್ತಿಯನ್ನು ವಿಚಾರಿಸುವವರು ಬಳಸುತ್ತಾರೆ. ಮಾನವಶಾಸ್ತ್ರಜ್ಞರಂತೂ ಬಹುಕಾಲ ಇದರ ಮೇಲೆಯೇ ತಮ್ಮ ಶಾಸ್ತ್ರಸೌಧವನ್ನು ಕಟ್ಟಿದರು. ಶಬ್ದವು ಒಂದೇ ಆದರೂ ಅರ್ಥವು ಒಂದೇ ಅಲ್ಲ. ಗಣಿತದಲ್ಲಿ ಗೌರವದ ಪದವಾಗಿರುವುದು ಮನುಷ್ಯರ ವಿಷಯದಲ್ಲಿ ತಿರಸ್ಕಾರದ ಪದವಾಯಿತು. ಈ ಅರ್ಥಸಂಕರದಿಂದ ಶಾಸ್ತ್ರಕ್ಕೂ ಮನುಷ್ಯರಿಗೂ ಆದ ಹಾನಿ ಅಲ್ಪವಲ್ಲ.

ಮೊದಲು ಗಣಿತದಲ್ಲಿ ಈ ಶಬ್ದದ ಸ್ಥಾನವೇನೆಂಬುದನ್ನು ನೋಡತಕ್ಕದ್ದು. ಯಾವ ಶಾಸ್ತ್ರದಲ್ಲಿಯೇ ಆಗಲಿ ಪ್ರತಿಯೊಂದು ಪದಕ್ಕೂ ಲಕ್ಷಣವನ್ನು ಹೇಳುತ್ತ ಹೋದರೆ ಅನವಸ್ಥಾದೋಷವು ತಪ್ಪದು. ಎಲ್ಲಿಯೋ ಒಂದು ಕಡೆ ನಿಲ್ಲಲೇಬೇಕು. ಹಾಗೆ ನಿಂತ ಸ್ಥಳದಲ್ಲಿ ಲಕ್ಷಣ ಹೇಳದೆ ಅಂಗೀಕರಿಸಿದ ಪದಾರ್ಥಗಳಿಗೆ ಗಣಿತಜ್ಞರು ‘ಪ್ರಿಮಿಟಿವ್’ ಎನ್ನುವರು. ಯೂಕ್ಲಿಡನು ಬಿಂದುವಿಗೆ ಲಕ್ಷಣ ಹೇಳಲು ಯತ್ನಿಸಿದನು. ಜರ್ಮನಿಯ ಹಿಲ್ಬರ್ಟನು 1899ರಲ್ಲಿ ಬಿಂದು, ರೇಖೆ, ತಲ ಇವನ್ನು ಲಕ್ಷಣವಿಲ್ಲದೆಯೇ ಇಟ್ಟುಕೊಂಡು ರೇಖಾಗಣಿತವನ್ನು ಅವುಗಳ ಮೇಲೆ ನಿಲ್ಲಿಸಿದನು. ಅದಕ್ಕೆ ಹತ್ತು ವರ್ಷ ಮೊದಲು, 1889ರಲ್ಲಿ, ಇಟಲಿಯ ಪಿಯಾನೋ ಅಂಕಗಣಿತಕ್ಕೆ ಇದೇ ಸಂಸ್ಕಾರವನ್ನು ಮಾಡಿದ್ದನು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ತರ್ಕದಲ್ಲಿ ಮೊದಲಿನದು ಕಾಲದಲ್ಲಿಯೂ ಮೊದಲಿನದಾಗಬೇಕಿಲ್ಲವೆಂಬುದು ಒಂದು. ಮನುಷ್ಯರು ಸಾವಿರಾರು ವರ್ಷ ಎಣಿಸಿ, ಕೂಡಿ, ಕಳೆದು, ಹೊಲವನ್ನಳೆದು, ಯಜ್ಞವೇದಿಯನ್ನು ಕಟ್ಟಿದ ಮೇಲಲ್ಲವೆ ಪಿಯಾನೋ ಹಿಲ್ಬರ್ಟರು ಹುಟ್ಟಿದ್ದು? ಶುಲ್ಬಸೂತ್ರಗಳಲ್ಲಿ ಇಟ್ಟಿಗೆಗಳ ಲೆಕ್ಕವಿದೆ, ಕರ್ಣದ ನಿಯಮವಿದೆ; ಹಿಲ್ಬರ್ಟನು ಹೇಳಿದಂಥ ಮೂಲಪದಾರ್ಥಗಳ ವಿಚಾರವಿಲ್ಲ. ಗಣಿತದ ಅಸ್ತಿಭಾರವು ಮನೆ ಕಟ್ಟಿ ಬಹುಕಾಲವಾದ ಮೇಲೆ ಕಂಡುಬಂದ ಅಸ್ತಿಭಾರ.

ಯಾವುದು ಮೂಲವೆಂಬುದು ಶಾಸ್ತ್ರಕಾರನ ಆಯ್ಕೆಗೆ ಸೇರಿದ್ದೆಂಬುದು ಎರಡನೆಯ ಸಂಗತಿ. 1910ರಲ್ಲಿ ವೈಟ್‌ಹೆಡ್, ರಸೆಲ್ ಇವರು ‘ಅಲ್ಲ’, ‘ಅಥವಾ’ ಎಂಬೆರಡನ್ನು ಮೂಲವೆಂದಿಟ್ಟುಕೊಂಡು ‘ಮತ್ತು’, ‘ಆದರೆ’ ಮೊದಲಾದ ವಾಕ್ಯಸಂಬಂಧಗಳನ್ನು ಅವುಗಳಿಂದ ಸಾಧಿಸಿದರು. 1913ರಲ್ಲಿ ಷೆಫರನು ಆ ಎರಡನ್ನೂ ಬೇರೊಂದೇ ಸಂಬಂಧದಿಂದ ಸಾಧಿಸಬಹುದೆಂದು ತೋರಿಸಿದನು. ಸಂಸ್ಕೃತ ವ್ಯಾಕರಣದ ಪರಿಚಯವುಳ್ಳವರಿಗೆ ಇದು ಹೊಸತಲ್ಲ. ನಾಮಪದಗಳೆಲ್ಲವೂ ಧಾತುಜಗಳೆಂದು ಶಾಕಟಾಯನನ ಪಕ್ಷ. ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನ ಪಕ್ಷ. ಎರಡನ್ನೂ ಯಾಸ್ಕನು ನಿರುಕ್ತದಲ್ಲಿ ಹೇಳಿದ್ದಾನೆ. ಒಬ್ಬನಿಗೆ ವ್ಯುತ್ಪನ್ನವಾದ ಶಬ್ದವು ಮತ್ತೊಬ್ಬನಿಗೆ ಅವ್ಯುತ್ಪನ್ನ. ಆದರೆ ಅವ್ಯುತ್ಪನ್ನವಾಯಿತೆಂಬ ಕಾರಣಕ್ಕೆ ಒಂದು ಶಬ್ದವನ್ನು ಕೀಳೆಂದು ಜರೆದ ವೈಯಾಕರಣನಿಲ್ಲ.

ಮಾನವಶಾಸ್ತ್ರದಲ್ಲಿ ನಡೆದುದು ಬೇರೆ. 1871ರಲ್ಲಿ ಟೈಲರನು ‘ಪ್ರಿಮಿಟಿವ್ ಕಲ್ಚರ್’ ಎಂಬ ಗ್ರಂಥದಲ್ಲಿ ಮತದ ಕನಿಷ್ಠ ಲಕ್ಷಣವು ಜೀವಾತ್ಮಗಳಲ್ಲಿ ನಂಬಿಕೆಯೆಂದು ಹೇಳಿದನು. ಅಲ್ಲಿಗೆ ನಿಂತಿದ್ದರೆ ಅದು ಶಾಸ್ತ್ರ. ಆದರೆ ಲಕ್ಷಣಕ್ಕೆ ಕನಿಷ್ಠವಾದದ್ದನ್ನೇ ಇತಿಹಾಸದಲ್ಲಿಯೂ ಮೊದಲಿನದೆಂದನು. ಸ್ವಪ್ನಮರಣಗಳನ್ನು ಕಂಡು ಬೆರಗಾದ ಮನುಷ್ಯನಲ್ಲಿ ಅದು ಮೊಳೆಯಿತೆಂದು ಊಹಿಸಿದನು. ಆ ಮೊದಲಿನ ಮನುಷ್ಯನನ್ನು ತನ್ನ ಕಾಲದಲ್ಲಿಯೇ ಬದುಕಿದ್ದ ಜನರಲ್ಲಿ ಹುಡುಕಿದನು. 1910ರಲ್ಲಿ ಫ್ರಾನ್ಸಿನ ಲೆವಿ ಬ್ರೂಲನು ಇಂಥ ಜನರ ಮನಸ್ಸೇ ತರ್ಕಪೂರ್ವವಾದದ್ದೆಂದೂ, ಎಣಿಸುವ ವಸ್ತುಗಳಿಂದ ಬೇರೆಯಾದ ಸಂಖ್ಯೆಯ ಭಾವನೆ ಅವರಿಗಿಲ್ಲವೆಂದೂ ಪ್ರತಿಪಾದಿಸಿದನು. 1912ರಲ್ಲಿ ಡರ್ಕ್‌ಹೈಮನು ಆಸ್ಟ್ರೇಲಿಯವನ್ನು ಕಣ್ಣಿಂದ ಕಾಣದೆಯೇ, ಪರರ ವರದಿಗಳನ್ನೋದಿ, ಅಲ್ಲಿಯ ಕುಲಚಿಹ್ನೆಗಳ ಆರಾಧನೆಯೇ ತಿಳಿದಿರುವ ಮತಗಳಲ್ಲೆಲ್ಲ ಸರಳವೆಂದು ನಿರ್ಣಯಿಸಿದನು. ಸರಳ, ಆದ್ದರಿಂದ ಮೊದಲಿನದು. ಮೊದಲಿನದು, ಆದ್ದರಿಂದ ಕೀಳು: ಇದು ಈ ಸಂಪ್ರದಾಯದ ಸೋಪಾನಕ್ರಮ. ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಪ್ರಮಾಣ ಬೇಕಾಗಿತ್ತು. ಪ್ರಮಾಣದ ಸ್ಥಾನದಲ್ಲಿ ಒಂದು ಶಬ್ದವನ್ನಿಟ್ಟರು.

ಇದರ ಫಲವೇನಾಯಿತು? ಆಸ್ಟ್ರೇಲಿಯದ ಜನರಲ್ಲಿ ಡರ್ಕ್‌ಹೈಮನು ಸಮಾಜವೇ ದೇವರಾದುದನ್ನು ಕಂಡನು. ಅದೇ ಖಂಡದ ಜನರಲ್ಲಿ 1898ರಲ್ಲಿ ಆಂಡ್ರೂ ಲ್ಯಾಂಗನು ಪರಮದೇವನನ್ನು ಕಂಡಿದ್ದನು. 1912ರಿಂದ ಪಾದ್ರಿ ಷ್ಮಿಟ್ಟನು ಸಂಪುಟದ ಮೇಲೆ ಸಂಪುಟವನ್ನು ಬರೆದು ಏಕದೇವೋಪಾಸನೆಯೇ ಮನುಷ್ಯನ ಮೊದಲ ಮತವೆಂದು ಸಾಧಿಸಹೊರಟನು. ಒಂದೇ ಸಾಮಗ್ರಿಯಿಂದ ಪರಸ್ಪರ ವಿರುದ್ಧವಾದ ಆದಿಗಳು! ಗಣಿತಜ್ಞನಿಗೆ ಇದರಲ್ಲಿ ಆಶ್ಚರ್ಯವಿಲ್ಲ. 1797ರಲ್ಲಿ ಲಗ್ರಾಂಜನು ಒಂದು ರಾಶಿಯಿಂದ ಅದರ ವೃದ್ಧಿಯ ವೇಗವನ್ನು ಸಾಧಿಸುವಾಗ ಮೊದಲಿನದಕ್ಕೆ ‘ಪ್ರಿಮಿಟಿವ್’ ಎಂದೇ ಹೆಸರಿಟ್ಟನು. ವೇಗದಿಂದ ಮೂಲರಾಶಿಗೆ ಹಿಂದಿರುಗುವಾಗ ಒಂದು ಅಂಕವು ಯಾವಾಗಲೂ ಅನಿಶ್ಚಿತವಾಗಿಯೇ ಉಳಿಯುವುದು. ಗಾಡಿಯು ಕ್ಷಣಕ್ಷಣಕ್ಕೂ ಯಾವ ವೇಗದಿಂದ ನಡೆಯಿತೆಂದು ತಿಳಿದರೆ ಎಷ್ಟು ದೂರ ನಡೆಯಿತೆಂದು ಹೇಳಬಹುದು. ಎಲ್ಲಿಂದ ಹೊರಟಿತೆಂದು ಹೇಳಲಾಗದು. ಗಣಿತಜ್ಞನು ಆ ಅನಿಶ್ಚಿತಾಂಕವನ್ನು ಉತ್ತರದ ಕೊನೆಯಲ್ಲಿ ತಪ್ಪದೆ ಬರೆಯುವನು. ಮತದ ಉತ್ಪತ್ತಿಯನ್ನು ಹೇಳಹೊರಟವರು ಅದನ್ನು ಬರೆಯಲಿಲ್ಲ. ಆ ಸ್ಥಳವನ್ನು ತಮ್ಮ ತಮ್ಮ ಅಭಿಪ್ರಾಯದಿಂದ ತುಂಬಿದರು.

ಇನ್ನು ‘ತರ್ಕಪೂರ್ವ’ವೆಂಬ ಮಾತು. ಪಶ್ಚಿಮ ಆಸ್ಟ್ರೇಲಿಯದ ಕರಿಯೆರ ಎಂಬ ಜನರ ವಿವಾಹಕ್ರಮವನ್ನು 1913ರಲ್ಲಿ ರಾಡ್‌ಕ್ಲಿಫ್ ಬ್ರೌನನು ಪ್ರಕಟಿಸಿದನು. ಅವರಲ್ಲಿ ಬನಕ, ಬುರುಂಗ್, ಕರಿಮೆರ, ಪಲ್ಯೆರಿ ಎಂದು ನಾಲ್ಕು ವರ್ಗಗಳು. ಬನಕಕ್ಕೂ ಬುರುಂಗಿಗೂ, ಕರಿಮೆರಕ್ಕೂ ಪಲ್ಯೆರಿಗೂ ಕೊಟ್ಟು ತರುವ ಸಂಬಂಧ. ತಂದೆ ಬನಕನಾದರೆ ಮಕ್ಕಳು ಪಲ್ಯೆರಿ, ತಂದೆ ಪಲ್ಯೆರಿಯಾದರೆ ಮಕ್ಕಳು ಬನಕ. ಬುರುಂಗ್ ಕರಿಮೆರಗಳಿಗೂ ಹೀಗೆಯೇ. ಆದುದರಿಂದ ಮಗನ ಮಗನು ಅಜ್ಜನ ವರ್ಗಕ್ಕೆ, ಮಗಳ ಮಗಳು ಅಜ್ಜಿಯ ವರ್ಗಕ್ಕೆ ಮರಳುವರು. ಉನ್ನತ ಬೀಜಗಣಿತದಲ್ಲಿ ‘ಗ್ರೂಪ್’ ಎಂದು ಹೆಸರಾದ ರಚನೆಯೇ ಇದು. 1949ರಲ್ಲಿ ಲೆವಿ ಸ್ಟ್ರಾಸನು ಬಾಂಧವ್ಯವನ್ನು ಕುರಿತು ಬರೆದ ಗ್ರಂಥಕ್ಕೆ ಆಂದ್ರೆ ವೇಯ್ ಎಂಬ ಮಹಾಗಣಿತಜ್ಞನು ಅನುಬಂಧವನ್ನು ಬರೆದು ಆಸ್ಟ್ರೇಲಿಯದ ಇಂಥ ವಿವಾಹನಿಯಮಗಳನ್ನು ಆ ಬೀಜಗಣಿತದಿಂದಲೇ ವಿವರಿಸಿದನು. ಎಣಿಕೆಯ ಶಬ್ದಗಳು ಕೆಲವೇ ಇರುವ ಜನರು ಈ ರಚನೆಯನ್ನು ಬಾಯಿಪಾಠದಂತೆ ಬಾಳಿದರು.

ಈ ಕ್ರಮದಂತೆ ಬನಕ ಯುವಕನಿಗೆ ಸೋದರಮಾವನ ಮಗಳೂ ಸೋದರತ್ತೆಯ ಮಗಳೂ ವಿವಾಹಯೋಗ್ಯರು. ಚಿಕ್ಕಪ್ಪನ ಮಗಳೂ ಚಿಕ್ಕಮ್ಮನ ಮಗಳೂ ತಂಗಿಯರು. ಕನ್ನಡನಾಡಿನ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ತಾಯಿಯ ಅಣ್ಣನನ್ನೂ ಹೆಣ್ಣು ಕೊಟ್ಟವನನ್ನೂ ಕನ್ನಡವು ‘ಮಾವ’ನೆಂಬ ಒಂದೇ ಶಬ್ದದಿಂದ ಕರೆಯುವುದು. ಕರಿಯೆರ ಜನರು ಆದಿಮರಾದರೆ ಸೋದರಮಾವನ ಮಗಳನ್ನು ತಂದ ಗೃಹಸ್ಥನೂ ಆದಿಮನೇ. ಲೆವಿ ಬ್ರೂಲನಾದರೋ ಸತ್ಯವಂತನು. 1939ರಲ್ಲಿ ಮೃತನಾಗುವುದಕ್ಕೆ ಮುಂಚೆ ತನ್ನ ಟಿಪ್ಪಣಿಗಳಲ್ಲಿ ತರ್ಕಪೂರ್ವವೆಂಬ ವಾದವನ್ನು ತಾನೇ ತ್ಯಜಿಸಿದನು. ಅವು 1949ರಲ್ಲಿ ಅಚ್ಚಾದವು. ಗುರುವು ಬಿಟ್ಟ ಮಾತನ್ನು ಲೋಕವು ಬಿಡಲಿಲ್ಲ.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ‘ಹಾಗಾದರೆ ಬಿಲ್ಲಿಗೂ ಯಂತ್ರಕ್ಕೂ ಭೇದವಿಲ್ಲವೆ? ಮುಂದುವರಿದವರು ಹಿಂದುಳಿದವರು ಎಂಬುದೇ ಸುಳ್ಳೆ?’ ಭೇದವುಂಟು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಉಪಕರಣಗಳಲ್ಲಿ ಏರುತಗ್ಗುಗಳನ್ನು ಅಳೆಯಬಹುದು. ಆದರೆ ಉಪಕರಣದಿಂದ ಬುದ್ಧಿಯನ್ನೂ, ಬುದ್ಧಿಯಿಂದ ದೇವರನ್ನೂ ಅನುಮಾನಿಸುವುದಕ್ಕೆ ವ್ಯಾಪ್ತಿಯೆಲ್ಲಿ? ಈಗ ಬದುಕಿರುವ ಪ್ರತಿಯೊಂದು ಜನಕ್ಕೂ ಹಿಂದೆ ಅಷ್ಟೇ ದೀರ್ಘವಾದ ಭೂತಕಾಲವುಂಟು. ಲಂಡನ್ನಿನ ಪ್ರಾಧ್ಯಾಪಕನು ಮೊದಲ ಮನುಷ್ಯನಿಂದ ಎಷ್ಟು ತಲೆಮಾರು ದೂರವೋ ಕಾಡಿನಲ್ಲಿರುವವನೂ ಹೆಚ್ಚುಕಡಿಮೆ ಅಷ್ಟೇ ದೂರ.

ಇದು ಪಂಡಿತರ ವಾಗ್ವಾದ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 1975ರಲ್ಲಿ ಭಾರತ ಸರ್ಕಾರವು ಕೆಲವು ಬುಡಕಟ್ಟುಗಳನ್ನು ‘ಪ್ರಿಮಿಟಿವ್’ ಎಂದು ಹೆಸರಿಸಿ ಪಟ್ಟಿಮಾಡಿತು. ಕೃಷಿಪೂರ್ವದ ಉಪಕರಣಗಳು, ಅತ್ಯಲ್ಪ ಅಕ್ಷರಜ್ಞಾನ, ನಿಂತ ಅಥವಾ ಕುಗ್ಗುತ್ತಿರುವ ಜನಸಂಖ್ಯೆ ಇವೇ ಅದರ ಲಕ್ಷಣಗಳು. ಕರ್ನಾಟಕದಿಂದ ಜೇನುಕುರುಬರೂ ಕೊರಗರೂ ಆ ಪಟ್ಟಿಗೆ ಸೇರಿದರು. ಸಹಾಯಮಾಡಬೇಕೆಂಬ ಉದ್ದೇಶವು ಶ್ಲಾಘ್ಯವೇ. ಆದರೆ ಜನಸಂಖ್ಯೆ ಕುಗ್ಗುವುದು ಸೃಷ್ಟಿಯ ಆದಿಯಿಂದ ಬಂದ ಲಕ್ಷಣವೆ? ಆದಿಯಿಂದಲೂ ಕುಗ್ಗುತ್ತ ಬಂದ ಜನವು ಇಂದಿಗೆ ಉಳಿದೀತೆ? ಕಾಡಿನಿಂದ ಹೊರದೂಡಲ್ಪಟ್ಟವರ ದಾರಿದ್ರ್ಯವು ನಿನ್ನೆ ಮೊನ್ನೆಯದು, ಅನ್ಯರು ಮಾಡಿದ್ದು. ಅದಕ್ಕೆ ‘ಆದಿಮ’ವೆಂದು ಹೆಸರಿಟ್ಟರೆ ಮಾಡಿದವರ ಕೈ ಮರೆಯಾಗುವುದು. 2006ರಲ್ಲಿ ಸರ್ಕಾರವು ಆ ಹೆಸರನ್ನು ಬಿಟ್ಟು ‘ವಿಶೇಷವಾಗಿ ದುರ್ಬಲರಾದ ಬುಡಕಟ್ಟುಗಳು’ ಎಂದು ಬದಲಾಯಿಸಿತು. ಬದಲಾಯಿಸುವುದಕ್ಕೆ ಮೂವತ್ತೊಂದು ವರ್ಷ ಬೇಕಾಯಿತು.

ಕರಾವಳಿಯಲ್ಲಿ ‘ಅಜಲು’ ಎಂಬ ಪದ್ಧತಿಯಿತ್ತು. ಕೂದಲು, ಉಗುರು ಮೊದಲಾದ ಅಭಕ್ಷ್ಯಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಇವೆಲ್ಲ ಅದರಲ್ಲಿ ಸೇರಿದ್ದವು. ಇದನ್ನು ನಿಷೇಧಿಸುವುದಕ್ಕೆ ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ಆಗಬೇಕಾಯಿತು. ಅನ್ನದಲ್ಲಿ ಉಗುರನ್ನು ಬೆರೆಸಿದವರು ಯಾವ ಪಟ್ಟಿಯಲ್ಲಿಯೂ ‘ಆದಿಮ’ರಾಗಲಿಲ್ಲ, ತಿಂದವರಾದರು.

ಆದುದರಿಂದ ಈ ಶಬ್ದವನ್ನು ಗಣಿತಜ್ಞರಿಗೇ ಬಿಡುವುದು ಲೇಸು. ಅವರು ಅದನ್ನು ಬಿಂದುವಿಗೆ ಹೇಳಿದರೆ ಬಿಂದುವಿಗೆ ನೋವಿಲ್ಲ. ಮನುಷ್ಯನ ವಿಷಯದಲ್ಲಿ ಲೇಖಕರೂ ಉಪಾಧ್ಯಾಯರೂ ಅವನವನ ಕುಲದ ಹೆಸರನ್ನೇ ಹೇಳಲಿ: ಕೊರಗರು, ಜೇನುಕುರುಬರು, ಕರಿಯೆರರು. ಹೆಸರಿರುವವನಿಗೆ ವಿಶೇಷಣವೇಕೆ?