ಟಿಕೆಟ್ ಉಚಿತ, ನಿಲ್ದಾಣದ ದಾರಿ ದುಬಾರಿ

2025ರ ಜುಲೈನಲ್ಲಿ ಅಕ್ಕಪಕ್ಕದ ಎರಡು ರಾಜ್ಯಗಳಲ್ಲಿ ಒಂದೇ ಬಗೆಯ ಸಂಭ್ರಮ ನಡೆಯಿತು. ಶಕ್ತಿ ಯೋಜನೆಯಡಿ ಮಹಿಳೆಯರ ಉಚಿತ ಬಸ್ ಪ್ರಯಾಣ 500 ಕೋಟಿ ಮುಟ್ಟಿದ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ತಾವೇ ಬಸ್ ಹತ್ತಿ ಟಿಕೆಟ್ ವಿತರಿಸಿದರು. ಅದಾಗಿ ಹತ್ತು ದಿನ ಕಳೆಯುವಷ್ಟರಲ್ಲಿ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆಯ ‘ಜೀರೋ ಟಿಕೆಟ್’ 200 ಕೋಟಿ ತಲುಪಿದ ಹಬ್ಬ. 2023ರ ಡಿಸೆಂಬರ್ 9ರಂದು ಶುರುವಾದ ಈ ಯೋಜನೆ ಹೈದರಾಬಾದಿನ ಬಸ್ಸುಗಳ ಚಹರೆಯನ್ನೇ ಬದಲಿಸಿದೆ. ಮನೆಗೆಲಸಕ್ಕೆ ಜುಬಿಲಿ ಹಿಲ್ಸ್‌ಗೆ ಹೋಗುವವರು, ಕೋಠಿಯಲ್ಲಿ ಅಂಗಡಿ ಕೆಲಸ ಮಾಡುವವರು, ಕಾಲೇಜು ಹುಡುಗಿಯರು, ಉಸ್ಮಾನಿಯಾ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೊರಟ ತಾಯಂದಿರು ಬೆಳಗಿನ ಹೊತ್ತು ಬಸ್ಸಿನ ತುಂಬ ಇರುತ್ತಾರೆ.

ಇವರಲ್ಲಿ ಬಸ್ಸಿನಲ್ಲೇ ಹುಟ್ಟಿದವರು ಯಾರೂ ಇಲ್ಲ. ಎಲ್ಲರೂ ಮನೆಯಿಂದ ನಿಲ್ದಾಣದವರೆಗೆ ನಡೆದೇ ಬಂದವರು. ಸರ್ಕಾರ ಟಿಕೆಟ್ಟಿನ ಲೆಕ್ಕವನ್ನು ಕೊನೆಯ ರೂಪಾಯಿವರೆಗೂ ಇಟ್ಟಿದೆ. ಆ ನಡಿಗೆಯ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ. ಗಲ್ಲಿಯ ಮೂಲೆಯಲ್ಲಿ ಬಾಯ್ತೆರೆದ ಚರಂಡಿ, ಫುಟ್‌ಪಾತ್ ಮೇಲೆ ನಿಂತ ಟ್ರಾನ್ಸ್‌ಫಾರ್ಮರ್, ಗೇಟಿನಿಂದ ರಸ್ತೆಗೆ ಇಳಿಬಿಟ್ಟ ಮನೆಮನೆಯ ರ‍್ಯಾಂಪು, ದಾಟಲು ಜಾಗವಿಲ್ಲದ ಮುಖ್ಯರಸ್ತೆ, ಅದರಾಚೆ ನೆರಳಿಲ್ಲದ ನಿಲ್ದಾಣ. ಬಸ್ ಬಂದಾಗ ಅದು ನಿಲ್ದಾಣದ ಹತ್ತಿರ ನಿಂತರೆ ಪುಣ್ಯ. ಬಹಳ ಸಲ ಅದು ನಡುರಸ್ತೆಯಲ್ಲೇ ನಿಧಾನಿಸುತ್ತದೆ, ಜನ ಓಡಿ ಹತ್ತುತ್ತಾರೆ.

ಈ ಅರ್ಧ ಕಿಲೋಮೀಟರ್ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಹೈದರಾಬಾದ್ ಎರಡು ಘಟನೆಗಳನ್ನು ಮರೆಯಲಾರದು. 2020ರ ಸೆಪ್ಟೆಂಬರ್‌ನಲ್ಲಿ ನೇರೆಡ್‌ಮೆಟ್‌ನ ಬಡಾವಣೆಯೊಂದರಲ್ಲಿ 12 ವರ್ಷದ ಬಾಲಕಿ ಸೈಕಲ್ ತುಳಿಯಲು ಮನೆಯಿಂದ ಹೊರಟಳು. ಮಳೆಗೆ ಉಕ್ಕಿದ್ದ ತೆರೆದ ನಾಲಾ ಅವಳನ್ನು ಎಳೆದುಕೊಂಡು ಹೋಯಿತು; ದೇಹ ಸಿಕ್ಕಿದ್ದು ಕೆರೆಯಲ್ಲಿ. ಊರು ಸಿಟ್ಟಾಯಿತು. ನಾಲಾಗಳಿಗೆಂದೇ ಸರ್ಕಾರ ದೊಡ್ಡ ಕಾರ್ಯಕ್ರಮ ರೂಪಿಸಿತು, ನೂರಾರು ಕೋಟಿ ರೂಪಾಯಿ ತೆಗೆದಿಟ್ಟಿತು. 2023ರ ಏಪ್ರಿಲ್ 29ರ ಬೆಳಿಗ್ಗೆ ಸಿಕಂದರಾಬಾದಿನ ಕಳಾಸಿಗುಡದಲ್ಲಿ ತಮ್ಮನೊಂದಿಗೆ ಹಾಲು ತರಲು ಹೋದ ಇನ್ನೊಬ್ಬ ಬಾಲಕಿ ಮಳೆನೀರಿನಡಿ ಕಾಣದಿದ್ದ ಚರಂಡಿ ಗುಂಡಿಗೆ ಬಿದ್ದು ಸತ್ತಳು. ಒಬ್ಬಳು ಸೈಕಲ್ ಮೇಲೆ, ಇನ್ನೊಬ್ಬಳು ಕಾಲ್ನಡಿಗೆಯಲ್ಲಿ, ಇಬ್ಬರೂ ತಮ್ಮ ಮನೆಯ ಹತ್ತಿರದಲ್ಲೇ. ಅತಿವೇಗದ ಚಾಲಕ, ಕುಡಿದ ಚಾಲಕ ಎಂದು ಬೊಟ್ಟು ಮಾಡಲು ಇಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಮುಚ್ಚಳವಿಲ್ಲದ ಚರಂಡಿ ಮಾತ್ರ.

ಇದೇ ಅವಧಿಯಲ್ಲಿ ನಗರ ಏನೂ ಕಟ್ಟಲಿಲ್ಲ ಎನ್ನುವಂತಿಲ್ಲ. ಕಟ್ಟಿದ್ದೆಲ್ಲ ಎತ್ತರದಲ್ಲಿದೆ, ಅಷ್ಟೇ. 2019ರ ನವೆಂಬರ್ 4ರಂದು ಬಯೋಡೈವರ್ಸಿಟಿ ಜಂಕ್ಷನ್ನಿನ ಮೇಲ್ಸೇತುವೆ ತೆರೆಯಿತು. ಮೂರು ವಾರ ತುಂಬುವ ಮೊದಲೇ, ಗಂಟೆಗೆ 40 ಕಿ.ಮೀ. ಮಿತಿಯಿದ್ದ ಅದರ ತಿರುವಿನಲ್ಲಿ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಬಂದ ಕಾರು ತಡೆಗೋಡೆ ಹಾರಿ ಕೆಳಗಿನ ರಸ್ತೆಗೆ ಬಿತ್ತು. ಸತ್ತದ್ದು ಕೆಳಗೆ ನಿಂತಿದ್ದ ಮಹಿಳೆ. ಸೇತುವೆಯನ್ನು ಕೆಲವು ವಾರ ಮುಚ್ಚಿ, ವೇಗಕ್ಕೆ ಕಡಿವಾಣ ಹಾಕಿ ಮತ್ತೆ ತೆರೆಯಲಾಯಿತು. 2020ರಲ್ಲಿ ದುರ್ಗಂ ಚೆರುವಿನ ಮೇಲೆ ತೂಗುವ ಕೇಬಲ್ ಸೇತುವೆ ಬಂತು. ಸಂಜೆಯ ಸೆಲ್ಫಿಗೆ ಊರಿಗೆ ಊರೇ ಅಲ್ಲಿಗೆ ಹೋಯಿತು. 2024ರ ಹೊತ್ತಿಗೆ ಸರ್ಕಾರ ಬದಲಾಗಿದ್ದರೂ ಒಲವು ಬದಲಾಗಲಿಲ್ಲ: ಕೆಬಿಆರ್ ಉದ್ಯಾನದ ಸುತ್ತಲಿನ ಆರು ಜಂಕ್ಷನ್‌ಗಳಿಗೆ ಮೇಲ್ಸೇತುವೆ, ಕೆಳಸೇತುವೆಗಳ ಯೋಜನೆ, ಆರಂಭದ ಅಂದಾಜೇ 826 ಕೋಟಿ ರೂಪಾಯಿ. ಬೆಳಗಿನ ವಾಕಿಂಗ್‌ಗೆ ಹೆಸರಾದ ಉದ್ಯಾನಕ್ಕೆ ಈ ಉಡುಗೊರೆ.

ಮೇಲ್ಸೇತುವೆ ಇಲ್ಲದ ಕಡೆ ‘ಯು-ಟರ್ನ್’ ಇದೆ. ಸಿಗ್ನಲ್ ಇದ್ದ ಹಲವು ಕೂಡುರಸ್ತೆಗಳನ್ನು ಮುಚ್ಚಿ, ಮುಂದೆ ಹೋಗಿ ತಿರುಗಿ ಬನ್ನಿ ಎಂದು ವಾಹನಗಳಿಗೆ ಹೇಳುವುದು ಹೈದರಾಬಾದ್ ಸಂಚಾರ ವ್ಯವಸ್ಥೆಯ ನೆಚ್ಚಿನ ಮದ್ದು. ಕಾರಿನವರಿಗೆ ಕಾಯುವುದು ತಪ್ಪುತ್ತದೆ, ನಿಜ. ಆದರೆ ಕೆಂಪು ದೀಪ ಹೋದಲ್ಲಿ ನಡೆಯುವವರಿಗೆ ರಸ್ತೆ ದಾಟಲು ಇದ್ದ ಒಂದೇ ಬಿಡುವೂ ಹೋಗುತ್ತದೆ. ವಾಹನಗಳ ಸಾಲು ಕಡಿಯುವುದೇ ಇಲ್ಲ. ಎಡತಿರುವಿಗೆ ‘ಫ್ರೀ ಲೆಫ್ಟ್’ ಇರುವುದರಿಂದ ಆ ಮೂಲೆಯೂ ಸದಾ ಹರಿಯುತ್ತಿರುತ್ತದೆ. 2022ರ ಅಕ್ಟೋಬರ್‌ನಲ್ಲಿ ಪೊಲೀಸರು ಆರಂಭಿಸಿದ ‘ಆಪರೇಷನ್ ರೋಪ್’ನಲ್ಲಿ ಫ್ರೀ ಲೆಫ್ಟ್‌ಗೆ ಅಡ್ಡ ನಿಂತ ವಾಹನಕ್ಕೆ ದಂಡವೂ ಬಿತ್ತು. ಅಜ್ಜಿಯೊಬ್ಬಳು ಆ ಮೂಲೆ ದಾಟಲು ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆ ಯಾವ ಸಂಚಾರ ನಕ್ಷೆಯಲ್ಲೂ ಕಾಣುವುದಿಲ್ಲ.

ಅಜ್ಜಿಗೆ ಕೊಡುವ ಉತ್ತರ ಸಾಮಾನ್ಯವಾಗಿ ಮೆಟ್ಟಿಲು. 2023ರ ಜೂನ್‌ನಲ್ಲಿ ಉಪ್ಪಲ್ ವೃತ್ತದಲ್ಲಿ ತೆರೆದ ಸುಮಾರು 660 ಮೀಟರ್ ಉದ್ದದ ಸ್ಕೈವಾಕ್ ಒಳ್ಳೆಯ ಕೆಲಸವೇ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ, ಮೆಟ್ರೋ ನಿಲ್ದಾಣಕ್ಕೆ ನೇರ ದಾರಿ ಇದೆ. ಹೆದ್ದಾರಿಗಳು ಕೂಡುವ ಅಂಥ ಒಂದು ವೃತ್ತಕ್ಕೆ ಅದು ಸರಿ. ಶಾಲೆ, ಕಿರಾಣಿ ಅಂಗಡಿ, ಬಸ್ ನಿಲ್ದಾಣ ಒಂದೇ ಫರ್ಲಾಂಗಿನಲ್ಲಿರುವ ಕಾಲೊನಿ ರಸ್ತೆಗೂ ಅದೇ ಮಾದರಿ ಎಂದರೆ, ಕಾರು ಸಮತಲದಲ್ಲೇ ಇರಲಿ, ಮನುಷ್ಯ ಹತ್ತಿ ಇಳಿಯಲಿ ಎಂದಂತೆ.

ಇನ್ನು ಸೈಕಲ್ ವಿಚಾರ. 2023ರ ಅಕ್ಟೋಬರ್ 1ರಂದು ಹೊರವರ್ತುಲ ರಸ್ತೆಯ ಪಕ್ಕದಲ್ಲಿ 23 ಕಿ.ಮೀ. ಉದ್ದದ, ಸೌರಫಲಕಗಳ ಚಾವಣಿಯುಳ್ಳ ಸೈಕಲ್ ಪಥ ಉದ್ಘಾಟನೆಯಾಯಿತು. ಒಂದು ಕವಲು ನಾನಕ್‌ರಾಮ್‌ಗುಡದ ಕಡೆ, ಇನ್ನೊಂದು ನಾರ್ಸಿಂಗಿಯಿಂದ ಕೊಲ್ಲೂರಿನವರೆಗೆ. ಬಿಸಿಲಿಲ್ಲ, ಮಳೆಯಿಲ್ಲ, ಮೇಲಿನ ಫಲಕಗಳಿಂದ 16 ಮೆಗಾವಾಟ್ ವಿದ್ಯುತ್ ಬೇರೆ. ವಿದೇಶದಿಂದ ಬಂದವರೂ ಫೋಟೊ ಹೊಡೆದುಕೊಂಡು ಹೋಗುವಂಥದ್ದು. ಆದರೆ ಅದನ್ನು ತಲುಪಲು ಬಹುತೇಕರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡೇ ಬರಬೇಕು. ಹೈದರಾಬಾದಿನಲ್ಲಿ ದಿನವೂ ಸೈಕಲ್ ತುಳಿಯುವವರು ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳು, ಹಾಲು ಪತ್ರಿಕೆ ಹಾಕುವವರು, ಕಟ್ಟಡದ ಕೂಲಿಗಳು. ಆ ಕೂಲಿಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಹೋದವರೂ ಇದ್ದಾರೆ. ಅವರ ದಾರಿ ಹೊರವರ್ತುಲದ ಪಕ್ಕ ಹಾಯುವುದಿಲ್ಲ, ಲಾರಿಯ ಪಕ್ಕ ಹಾಯುತ್ತದೆ. ನಗರದೊಳಗೆ ಬಣ್ಣ ಬಳಿದು ಗುರುತಿಸಿದ ಸೈಕಲ್ ಪಟ್ಟಿಗಳನ್ನು ನಿಲ್ಲಿಸಿದ ವಾಹನಗಳು ನುಂಗಿದವು. ಬಣ್ಣಕ್ಕೆ ಕಾರನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೆ ಗಿಡ್ಡ ಕಲ್ಲುಕಂಬವಾದರೂ ಬೇಕು.

ಹಾಗೆ ನೋಡಿದರೆ ಈ ಊರಿಗೆ ಬಸ್ಸಿನ ಸಂಸ್ಕಾರ ಹೊಸದಲ್ಲ. ನಿಜಾಮ್ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸು, 166 ಸಿಬ್ಬಂದಿಯೊಂದಿಗೆ ರಸ್ತೆ ಸಾರಿಗೆ ವಿಭಾಗ ಆರಂಭಿಸಿತು. ಸರ್ಕಾರವೇ ಬಸ್ ನಡೆಸುವ ಪ್ರಯೋಗ ದೇಶದಲ್ಲಿ ಆಗಿನ್ನೂ ಅಪರೂಪ. ಆ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರುಗಳೂ ಇದ್ದವು, 1956ರ ಪುನರ್ವಿಂಗಡಣೆಯವರೆಗೆ. ಇಂದಿಗೂ ಆ ಜಿಲ್ಲೆಗಳವರಿಗೆ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದೇ. ಕೆಂಪು ಬಸ್ಸಿನಲ್ಲಿ ಬಂದು ಇಮ್ಲಿಬನ್ ನಿಲ್ದಾಣದಲ್ಲಿ ಇಳಿಯುವ ಕಲ್ಯಾಣ ಕರ್ನಾಟಕದ ಪ್ರಯಾಣಿಕ, ಕಾಚಿಗುಡದ ರೈಲಿನಿಂದ ಇಳಿದು ಅದೇ ಪ್ರದೇಶದ ಕರ್ನಾಟಕ ಸಾಹಿತ್ಯ ಮಂದಿರಕ್ಕೋ ನೃಪತುಂಗ ಶಾಲೆಗೋ ಹೊರಟ ಕನ್ನಡಿಗ, ಇಬ್ಬರಿಗೂ ಈ ನಗರ ಮೊದಲು ಪರಿಚಯವಾಗುವುದು ಅದರ ಫುಟ್‌ಪಾತ್ ಮೂಲಕ. ಪರಿಚಯ ಹಿತವಾಗಿ ಆಗುವುದಿಲ್ಲ.

ಬಸ್ಸನ್ನೂ ನಗರ ಇತ್ತೀಚಿನವರೆಗೆ ಕಡೆಗಣಿಸಿತ್ತು. 2019ರ ಅಕ್ಟೋಬರ್, ನವೆಂಬರ್‌ನಲ್ಲಿ ನಡೆದ 52 ದಿನಗಳ ಸಾರಿಗೆ ಮುಷ್ಕರ ಮುಗಿದ ಮೇಲೆ ನಷ್ಟದ ಕಾರಣ ನೀಡಿ ನೂರಾರು ಸಿಟಿ ಬಸ್ಸುಗಳನ್ನು ಹಿಂತೆಗೆಯಲಾಯಿತು. ನಾಲ್ಕು ವರ್ಷದ ನಂತರ ಉಚಿತ ಪ್ರಯಾಣ ಬಂದಾಗ ಜನ ಹೆಚ್ಚು, ಬಸ್ ಕಡಿಮೆ. ಫುಟ್‌ಬೋರ್ಡ್ ಪ್ರಯಾಣ ಮಾಮೂಲಾಯಿತು. ಈಗ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಹೈದರಾಬಾದಿಗೆ 2,000, ಬೆಂಗಳೂರಿಗೆ 4,500 ವಿದ್ಯುತ್ ಬಸ್ಸುಗಳು ಮಂಜೂರಾಗಿವೆ. ಸಂತೋಷ. 2018ರಲ್ಲಿ ಇದೇ ನಗರ ಎಸಿ ಬಸ್ ತಂಗುದಾಣ ಕಟ್ಟಿ ದೇಶದ ಪತ್ರಿಕೆಗಳಲ್ಲಿ ಮಿಂಚಿತ್ತು ಎಂಬುದನ್ನೂ ನೆನಪಿಡಬೇಕು. ಗಾಜಿನ ಪೆಟ್ಟಿಗೆಯೊಳಗೆ ತಂಪು; ಹೊರಗೆ ಅದಕ್ಕೆ ತಲುಪುವ ಫುಟ್‌ಪಾತ್ ಹಳೆಯದೇ.

ಬೇಕಾದದ್ದು ಇಷ್ಟೊಂದು ಜಾಣತನವಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಪಾದಚಾರಿ ಸೌಕರ್ಯಗಳ ಮಾರ್ಗಸೂಚಿ ಪ್ರಕಟಿಸಿದೆ. ವಸತಿ ಪ್ರದೇಶದಲ್ಲೂ ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕು. ಎತ್ತರ 15 ಸೆಂಟಿಮೀಟರ್ ದಾಟಬಾರದು. ಮೊಣಕಾಲೆತ್ತರದ ಫುಟ್‌ಪಾತ್ ಕಟ್ಟಿ, ಜನ ಯಾಕೆ ರಸ್ತೆಯಲ್ಲೇ ನಡೆಯುತ್ತಾರೆ ಎಂದು ಬೈಯುವುದು ನಮ್ಮ ಊರುಗಳಲ್ಲೂ ಇದೆ. ಶಾಲೆಯ ಮುಂದೆ, ಬಸ್ ನಿಲ್ದಾಣದ ಮುಂದೆ ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ ದಾಟುದಾರಿ ಮಾಡಿದರೆ ವಾಹನ ತಾನಾಗಿ ನಿಧಾನವಾಗುತ್ತದೆ. ಬಡಾವಣೆಯೊಳಗೆ ಗಂಟೆಗೆ 30 ಕಿ.ಮೀ. ಮಿತಿ ಹೇರುವ ಅಧಿಕಾರ ಮೋಟಾರು ವಾಹನ ಕಾಯ್ದೆಯಡಿ ರಾಜ್ಯಕ್ಕೆ ಇದ್ದೇ ಇದೆ. ಒಂದು ಮೇಲ್ಸೇತುವೆಯ ಹಣದಲ್ಲಿ ಎಷ್ಟು ಚರಂಡಿಗಳಿಗೆ ಚಪ್ಪಡಿ ಹಾಕಬಹುದೆಂಬುದನ್ನು ಯಾವ ಎಂಜಿನಿಯರೂ ಒಂದು ಸಂಜೆಯಲ್ಲಿ ಲೆಕ್ಕ ಹಾಕಿ ಹೇಳಬಲ್ಲ.

‘ಹೈದರಾಬಾದಿನ ಬಿಸಿಲಿಗೆ ಯಾರು ನಡೆಯುತ್ತಾರೆ’ ಎಂಬ ಮಾತು ಎಸಿ ಕಾರಿನೊಳಗಿಂದ ಬರುವಂಥದ್ದು. ನಡೆಯುವವರು ಈಗಲೂ ನಡೆಯುತ್ತಿದ್ದಾರೆ, ಸಾಯುತ್ತಲೂ ಇದ್ದಾರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಇನ್ನೊಂದು ಆಕ್ಷೇಪ ಬೀದಿ ವ್ಯಾಪಾರಿಗಳ ಮೇಲೆ. ಫುಟ್‌ಪಾತ್ ತೆರವು ಎಂದ ಕೂಡಲೇ ಮೊದಲು ಎತ್ತಂಗಡಿಯಾಗುವುದು ತಳ್ಳುಗಾಡಿ. ಚಾರ್‌ಮಿನಾರ್ ಸುತ್ತಲಿನ ರಸ್ತೆಗೆ ಕಲ್ಲು ಹಾಸಿ ಪಾದಚಾರಿಗಳಿಗೆ ಬಿಟ್ಟುಕೊಡುವ ಯೋಜನೆ ಎರಡು ದಶಕ ಎಳೆದಾಡಿತು. ಆದರೂ ಇಂದು ಅಲ್ಲಿಗೆ ಜನ ಹೋಗುವುದು 1591ರ ಮಿನಾರಿಗಾಗಿ ಎಷ್ಟೋ, ಬಳೆ, ಮುತ್ತು, ಹಣ್ಣು ಮಾರುವವರಿಗಾಗಿಯೂ ಅಷ್ಟೇ. ರಾತ್ರಿ ಎಂಟಕ್ಕೆ ಬಸ್ ಇಳಿದ ಹೆಣ್ಣುಮಗಳಿಗೆ ಖಾಲಿ ಫುಟ್‌ಪಾತ್‌ಗಿಂತ ಮಿರ್ಚಿ ಭಜ್ಜಿಯ ಗಾಡಿ ಇರುವ ಫುಟ್‌ಪಾತ್ ಹೆಚ್ಚು ಧೈರ್ಯ ಕೊಡುತ್ತದೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ಅವರಿಗೆ ಜಾಗ ಗುರುತಿಸಿಕೊಡಬೇಕಾದದ್ದು ಪಾಲಿಕೆಯ ಕೆಲಸ. ಮೊದಲು ಎಬ್ಬಿಸಬೇಕಾದದ್ದು ದಿನವಿಡೀ ನಿಂತ ಕಾರುಗಳನ್ನು.

ಬೇರೆಯವರು ಮಾಡಿದ್ದಾರೆ, ಪೂರ್ತಿ ಅಲ್ಲದಿದ್ದರೂ. ಚೆನ್ನೈ 2014ರಲ್ಲಿ ನಡಿಗೆ, ಸೈಕಲ್ಲಿಗೆ ಆದ್ಯತೆ ಕೊಡುವ ನೀತಿ ಒಪ್ಪಿಕೊಂಡಿತು. 2019ರಲ್ಲಿ ಅಲ್ಲಿನ ಪಾಂಡಿ ಬಜಾರ್ ಅಗಲವಾದ ಪಾದಚಾರಿ ರಸ್ತೆಯಾಯಿತು. ಫುಟ್‌ಪಾತ್ ಅಗಲಿಸಿದ ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಡಾಂಬರು ಕಿರಿದಾಯಿತೆಂದು ಗೊಣಗಿದವರೂ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಆರಾಮಾಗಿ ನಡೆಯುತ್ತಾರೆ. ಆದರೆ ಅದು ನಗರದ ನಡುಮಧ್ಯದ ಕೆಲವೇ ರಸ್ತೆಗಳ ಭಾಗ್ಯ. ಬೊಮ್ಮನಹಳ್ಳಿಗೋ ದಾಸರಹಳ್ಳಿಗೋ ಆ ಭಾಗ್ಯ ಬಂದಿಲ್ಲ. ಹುಬ್ಬಳ್ಳಿ–ಧಾರವಾಡದ 22 ಕಿ.ಮೀ. ಬಿಆರ್‌ಟಿಎಸ್‌ನಲ್ಲಿ ಚಿಗರಿ ಬಸ್ಸು ತನ್ನದೇ ಪಥದಲ್ಲಿ ಓಡುತ್ತದೆ, ಆದರೆ ನಡುರಸ್ತೆಯ ನಿಲ್ದಾಣ ತಲುಪಲು ಪ್ರಯಾಣಿಕ ಬಹಳ ಕಡೆ ವೇಗದ ವಾಹನಗಳ ಸಾಲು ದಾಟಬೇಕು. ದೂರದ ಓಸ್ಲೊ ನಗರ ಕೇಂದ್ರದ ಪಾರ್ಕಿಂಗ್ ತೆಗೆದು, ವೇಗ ತಗ್ಗಿಸಿ, 2019ರಲ್ಲಿ ಒಬ್ಬ ಪಾದಚಾರಿಯನ್ನೂ ಒಬ್ಬ ಸೈಕಲ್ ಸವಾರನನ್ನೂ ಕಳೆದುಕೊಳ್ಳದೆ ವರ್ಷ ಮುಗಿಸಿತು.

ಕಾನೂನಿನ ಬಲವೂ ಈಗ ಸಿಕ್ಕಿದೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅಕ್ಟೋಬರ್‌ನಲ್ಲಿ ಮುಂದುವರಿದು, ದೊಡ್ಡ ನಗರಗಳ ಫುಟ್‌ಪಾತ್‌ಗಳನ್ನು ಪರಿಶೀಲಿಸಬೇಕು, ಪಾದಚಾರಿಗಳ ಸುರಕ್ಷತೆಗೆ ರಾಜ್ಯಗಳು ನಿಯಮ ರೂಪಿಸಬೇಕು ಎಂದು ಸೂಚಿಸಿತು. ಈ ಮೊಕದ್ದಮೆಯ ಹಿಂದಿದ್ದವರು ಅಪಘಾತದಲ್ಲಿ ಮುರಿದ ಮೂಳೆಗಳನ್ನು ಕೂಡಿಸುತ್ತ ಬಂದ ಕೊಯಮತ್ತೂರಿನ ವೈದ್ಯರು.

ಹೈದರಾಬಾದ್ ಮಾಡಬೇಕಾದ ಮೊದಲ ಕೆಲಸ ಸ್ಪಷ್ಟ. ಹೊಸ ಬಸ್ಸುಗಳು ಬರುವ ಮುನ್ನ ಪ್ರತಿ ನಿಲ್ದಾಣದ ಸುತ್ತ 500 ಮೀಟರ್ ದಾರಿಯನ್ನು ಒಂದು ಕಾಮಗಾರಿಯೆಂದು ಪರಿಗಣಿಸಿ, ಚರಂಡಿಯ ಮುಚ್ಚಳ, ದೀಪ, ದಾಟುದಾರಿ, ನೆರಳು ಇವಿಷ್ಟನ್ನೂ ಒಂದೇ ಟೆಂಡರಿನಲ್ಲಿ ಮುಗಿಸಬೇಕು. ಕೆಬಿಆರ್ ಉದ್ಯಾನದ ಸೇತುವೆಗಳು ಅಲ್ಲಿಯವರೆಗೆ ಕಾಯಲಿ. ಕಲಬುರಗಿ, ಹುಬ್ಬಳ್ಳಿ, ಬೆಂಗಳೂರಿನ ಓದುಗರೂ ತಮ್ಮ ವಾರ್ಡಿನಲ್ಲಿ ಕಳೆದ ವರ್ಷ ಫುಟ್‌ಪಾತ್‌ಗೆ ಎಷ್ಟು, ಡಾಂಬರಿಗೆ ಎಷ್ಟು ಖರ್ಚಾಯಿತೆಂದು ಪಾಲಿಕೆಯನ್ನು ಬರವಣಿಗೆಯಲ್ಲಿ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.